ಶಾಲು ಹೊದಿಸಿದಿರಿ, ಪಟ್ಟಿ ಕೊಟ್ಟಿರಾ?

ಇವತ್ತು ನಮ್ಮ ಕೊಡಗಿನ ಒಂದು ಧರ್ಮಕೇಂದ್ರದಲ್ಲಿ, ಅಂದರೆ ಕ್ಯಾಥೋಲಿಕ್ ಚರ್ಚಿನಲ್ಲಿ, ಫಾದರ್‌ಗೆ ಬೀಳ್ಕೊಡುಗೆ ಆಯ್ತು. ಯಾವ ಊರು ಅಂತ ಕೇಳಬೇಡಿ. ಮೇ ತಿಂಗಳಲ್ಲಿ ವರ್ಗಾವಣೆ ಆಗುವ ಕಡೆ ಎಲ್ಲಾ ಹೆಚ್ಚುಕಡಿಮೆ ಇದೇ ನಡೆಯುತ್ತದೆ. ಪೂಜೆ ಮುಗಿದದ್ದು ಒಂಬತ್ತೂವರೆಗೆ, ವೇದಿಕೆಯಿಂದ ಫಾದರ್ ಕೆಳಗಿಳಿದದ್ದು ಹನ್ನೆರಡೂಮುಕ್ಕಾಲಿಗೆ. ಪಾಲನಾ ಸಮಿತಿಯ ಶಾಲು, ಮಹಿಳಾ ಸಂಘದ ಶಾಲು, ಯುವಕರದ್ದು, ಗಾಯನ ಮಂಡಳಿಯದ್ದು, ಕೊನೆಗೆ ವಾರ್ಡಿಗೊಂದು. ಗಂಧದ ಹಾರ, ಹಣ್ಣಿನ ಬುಟ್ಟಿ, ಭಾಷಣದ ಮೇಲೆ ಭಾಷಣ. ಅಷ್ಟೂ ಹೊತ್ತಿನಲ್ಲಿ ಕೈ ಬದಲಾಗಬೇಕಿದ್ದ ಒಂದು ಹಾಳೆ ಮಾತ್ರ ಬದಲಾಗಲಿಲ್ಲ. ಕಾಯಿಲೆಯಿಂದ, ವಯಸ್ಸಿನಿಂದ ಮನೆಯಲ್ಲೇ ಮಲಗಿದವರ ಪಟ್ಟಿ.

ಸಿಟ್ಟು ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ತಿಂಗಳ ಮೊದಲ ಶುಕ್ರವಾರ ಗುರುಗಳು ಮನೆಮನೆಗೆ ಹೋಗಿ ಕಾಯಿಲೆಯವರಿಗೆ, ವಯಸ್ಸಾದವರಿಗೆ ಪರಮಪ್ರಸಾದ (ಪೂಜೆಯಲ್ಲಿ ಅರ್ಪಿಸಿದ ರೊಟ್ಟಿ) ಕೊಡುತ್ತಾರಲ್ಲ, ಆ ದಾರಿ ಇರುವುದು ಫಾದರ್ ತಲೆಯಲ್ಲಿ, ಇಲ್ಲವೇ ಜೀಪ್ ಓಡಿಸುವವನ ತಲೆಯಲ್ಲಿ. ಕಾಗದದಲ್ಲಿಲ್ಲ. ಫಾದರ್ ಹೋದರು. ಜೂನ್ ಮೊದಲ ಶುಕ್ರವಾರಕ್ಕೆ ಎರಡು ವಾರವೂ ಇಲ್ಲ. ಹೊಸಬರು ಬಂದ ಮೇಲೆ ಗುಡಿಗೆ, ಅಂದರೆ ಚರ್ಚಿಗೆ, ಬರುವವರೆಲ್ಲ ಕೈ ಮುಗಿದು ಪರಿಚಯ ಹೇಳಿಕೊಳ್ಳುತ್ತಾರೆ. ಗುಡಿಗೆ ಬರಲಾಗದವರೇ ಕಾಯಿಲೆಯವರು, ಅವರ ಪರಿಚಯ ಯಾರು ಹೇಳಬೇಕು? ತೋಟದ ಕೆಲಸಗಾರರ ಲೈನ್ ಮನೆಯ ಅಜ್ಜಿ ಬೆಳಿಗ್ಗೆ ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿಸಿ, ಮೇಣದಬತ್ತಿ ಇಡಿಸಿ ಕಾಯುತ್ತದೆ. ಮಧ್ಯಾಹ್ನ ಆದರೂ ಜೀಪಿನ ಸದ್ದಿಲ್ಲ. ಜುಲೈಯಲ್ಲೂ ಇಲ್ಲ. ಆಮೇಲೆ ಆ ಮನೆಯವರು ಹೇಳಿ ಕಳಿಸುವುದು ಸಾವಿಗೇ.

ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಬೇರೆಲ್ಲದಕ್ಕೂ ಪುಸ್ತಕ ಇದೆ. 535ನೇ ನಿಯಮದಲ್ಲಿ ಜ್ಞಾನಸ್ನಾನ (ಬ್ಯಾಪ್ಟಿಸಂ), ಮದುವೆ, ಮರಣದ ದಫ್ತರು. 958ರಲ್ಲಿ ಪೂಜೆ ಕೋರಿಕೆಯ ಪುಸ್ತಕ: ಯಾರ ಹೆಸರಿನ ಪೂಜೆ, ಎಷ್ಟು ಕಾಣಿಕೆ, ಆಯಿತೋ ಬಾಕಿಯೋ. 1283ರಲ್ಲಿ ಸ್ಥಿರ, ಚರ ಸೊತ್ತುಗಳ ಸಹಿ ಹಾಕಿದ ಯಾದಿ. ಕಾಯಿಲೆಯವರ ವಿಷಯಕ್ಕೆ ಬಂದರೆ 529ನೇ ನಿಯಮ ಗುರುಗಳು ಕುಟುಂಬಗಳನ್ನು ಭೇಟಿ ಮಾಡಬೇಕು, ರೋಗಿಗಳನ್ನು, ಅದರಲ್ಲೂ ಸಾಯುವ ಸ್ಥಿತಿಯಲ್ಲಿರುವವರನ್ನು ಪ್ರೀತಿಯಿಂದ ನೋಡಿಕೊಳ್ಳಬೇಕು ಅನ್ನುತ್ತದೆ, ಪುಸ್ತಕ ಇಡಿ ಅನ್ನುವುದಿಲ್ಲ. ತಪ್ಪು ಹುಟ್ಟುವುದೇ ಇಲ್ಲಿ. ಲೆಕ್ಕ ನೋಡುವವರು ಕೇಳುವುದಿಲ್ಲ, ಬಿಷಪ್ ಭೇಟಿಗೆ ಬಂದಾಗ ಮೇಜಿನ ಮೇಲೆ ಇಡಬೇಕಾಗಿಲ್ಲ, ಹಾಗಾಗಿ ಯಾರೂ ಬರೆಯುವುದಿಲ್ಲ.

ಬರೆಯುವುದಾದರೆ ಹೇಗೆ? ಒಂದು ಮನೆಗೆ ಒಂದೇ ಸಾಲು ಬರೆದರೆ ಪ್ರಯೋಜನವಿಲ್ಲ, ಅರ್ಧ ಪುಟ ಬೇಕು. ಹೆಸರು, ಮನೆಯವರ ಫೋನ್ ನಂಬರ್. ಯಾವ ತೋಟ, ಯಾವ ಲೈನ್, ಗೇಟಿನಲ್ಲಿ ಕೇಳಬೇಕಾದ್ದು ತೋಟದ ಲೆಕ್ಕ ಬರೆಯುವ ರೈಟರನ್ನೋ ಮೇಸ್ತ್ರಿಯನ್ನೋ. ಜೀಪ್ ಎಲ್ಲಿಯವರೆಗೆ ಹೋಗುತ್ತದೆ, ಮಳೆಗಾಲದಲ್ಲಿ ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ನಡಿಗೆ ಎಷ್ಟು. ಸಿದ್ದಾಪುರ, ಮಾಲ್ದಾರೆ ಕಡೆಯ ಮನೆಗಳಾದರೆ ಆನೆ ದಾಟುವ ಜಾಗ ಬರೆದು, ಸಂಜೆ ಐದರ ಮೇಲೆ ಹೋಗಬೇಡಿ ಅಂತ ಕೆಂಪು ಶಾಯಿಯಲ್ಲಿ ಗೆರೆ ಎಳೆಯಿರಿ. ಹೊಸ ಊರಿನಿಂದ ಬಂದ ಗುರುಗಳಿಗೆ ಇದು ಯಾರೂ ಹೇಳದೆ ಗೊತ್ತಾಗುವುದಿಲ್ಲ.

ಆಮೇಲೆ ಕಾಯಿಲೆಯವರದ್ದೇ ವಿವರ. ಕಿವಿ ಕೇಳುತ್ತದೆಯೇ? ಪರಮಪ್ರಸಾದ ಇಡಿಯಾಗಿ ನುಂಗಬಲ್ಲರೇ? ಆಗದಿದ್ದರೆ ಚೂರು ಮಾಡಿ ಚಮಚದ ನೀರಿನಲ್ಲಿ ಕೊಡಬೇಕು. ಗಟ್ಟಿ ಪದಾರ್ಥ ಒಂದೂ ಇಳಿಯದವರಿಗೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಡಲು ಅವಕಾಶವಿದೆ. ಅದನ್ನು ಗುಡಿಯಿಂದಲೇ ಬಿಗಿ ಮುಚ್ಚಳದ ಪಾತ್ರೆಯಲ್ಲಿ ಒಯ್ಯಬೇಕು, ಮನೆ ಬಾಗಿಲಿಗೆ ಹೋದ ಮೇಲೆ ನೆನಪಾದರೆ ಕೆಲಸಕ್ಕೆ ಬಾರದು. ರೋಗಿಗಳಿಗೆ ಹಚ್ಚುವ ಅಭಿಷೇಕ ತೈಲ ಹಚ್ಚಿದ್ದು ಯಾವಾಗ, ಆಮೇಲೆ ಕಾಯಿಲೆ ಜಾಸ್ತಿ ಆಗಿದೆಯೇ? ಜಾಸ್ತಿಯಾಗಿದ್ದರೆ ಇನ್ನೊಮ್ಮೆ ಹಚ್ಚಬಹುದು.

ಕೊನೆಯದಾಗಿ ಭಾಷೆ. ಗುರುಗಳ ಮುಂದೆ ಗುಟ್ಟಾಗಿ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆ ಯಾವ ಭಾಷೆಯಲ್ಲಿ ಮಾಡುತ್ತಾರೆ? ಪಾಪನಿವೇದನೆಯಲ್ಲಿ ಕೇಳಿದ ಒಂದಕ್ಷರವೂ ಹಾಳೆಗೆ ಬರುವಂತಿಲ್ಲ, ಭಾಷೆ ಮಾತ್ರ ಬರೆದರಾಯಿತು. ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ವಿಷಯ ಅಲ್ಲ. 1784ರಲ್ಲಿ ಟಿಪ್ಪು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಜಾಗ ಕೊಟ್ಟು ಕೂರಿಸಿದ. ವಿರಾಜಪೇಟೆಯ ಸಂತ ಅನ್ನಮ್ಮನವರ ಧರ್ಮಕೇಂದ್ರ 1792ರಿಂದ ಇದೆ. ಕಾಫಿ ತೋಟಗಳು ಎದ್ದ ಮೇಲೆ ತಮಿಳು, ಮಲಯಾಳ ಮಾತಾಡುವವರು ಬಂದರು. ಈಗ ಕಾಫಿ ಕುಯ್ಯಲು ಜಾರ್ಖಂಡ್, ಅಸ್ಸಾಂ ಕಡೆಯವರು ಬರುತ್ತಾರೆ, ಅವರಲ್ಲೂ ನಮ್ಮವರಿದ್ದಾರೆ. ಎಂಬತ್ತು ದಾಟಿದ ಮೇಲೆ, ಜ್ವರದಲ್ಲಿ, ಮನುಷ್ಯನಿಗೆ ಉಳಿಯುವುದು ತಾಯಿ ಕಲಿಸಿದ ಮಾತೊಂದೇ. ತಮಿಳು ಬಿಟ್ಟು ಬೇರೆ ಬಾರದ ಅಜ್ಜನ ಮುಂದೆ ಕನ್ನಡ ಮಾತ್ರ ಬಲ್ಲ ಗುರುಗಳು ಕೂತರೆ ಇಬ್ಬರಿಗೂ ಸಂಕಟ. ಮೊದಲೇ ಗೊತ್ತಿದ್ದರೆ ಆ ಭಾಷೆ ಬಲ್ಲ ಪಕ್ಕದ ಧರ್ಮಕೇಂದ್ರದ ಗುರುಗಳನ್ನು ಕರೆಸಬಹುದು.

ಜನರ ಪ್ರೀತಿಗೆ ಅಡ್ಡಿ ಮಾಡಬೇಡಿ ಅನ್ನುತ್ತಾರೆ. ಪ್ರೀತಿ ಇದೆ, ನಾನೂ ಕಂಡೆ. ಪಂದಿಕರಿ, ಕಡಂಬಿಟ್ಟು ಬಡಿಸುವಾಗ ಕಣ್ಣೊರೆಸಿಕೊಂಡವರನ್ನೂ ಕಂಡೆ. ಆದರೆ ಆ ಸಭೆಯಲ್ಲಿ ಕಾಲು ನೆಟ್ಟಗಿರುವವರ ಪ್ರೀತಿಗೆ ಮೂರು ಗಂಟೆ ಸಿಕ್ಕಿತು, ಮಲಗಿದವರ ಪ್ರೀತಿಗೆ ಮೂರು ನಿಮಿಷ ಸಿಗಲಿಲ್ಲ. ಅವರಲ್ಲಿ ಎಷ್ಟೋ ಮಂದಿಗೆ ಫಾದರ್ ಹೋದದ್ದೇ ಗೊತ್ತಿಲ್ಲ. ಅವರ ಬೀಳ್ಕೊಡುಗೆ ಎಲ್ಲಿ ಆಯ್ತು ಹೇಳಿ.

‘ಫೋನ್ ಮಾಡಿದರೆ ಹಳೇ ಫಾದರ್ ಹೇಳ್ತಾರೆ ಬಿಡಿ’ ಅನ್ನುವ ಮಾತೂ ಬಂತು. ಜೂನ್ ಮಳೆ ಹಿಡಿದರೆ ಕರೆಂಟ್ ಹೋಗಿ, ಟವರ್ ಸತ್ತು ಎಷ್ಟು ದಿನ ಕೂತಿದ್ದೇವೆ ಅನ್ನುವುದು ಇಲ್ಲಿ ಎಲ್ಲರಿಗೂ ಗೊತ್ತು. ಅವರಿಗೂ ಅಲ್ಲಿ ಹೊಸ ಧರ್ಮಕೇಂದ್ರ, ಹೊಸ ಕಾಯಿಲೆಯವರು. ಹಳಬರನ್ನು ಪದೇ ಪದೇ ಕೇಳುತ್ತಿದ್ದರೆ ಹೊಸಬರಿಗೆ ಇಲ್ಲಿ ಬೇರು ಬಿಡುವುದೂ ಕಷ್ಟ.

ಫಾದರ್ ಅವರನ್ನೇ ಉಳಿಸಿಕೊಡಿ ಅಂತ ಬಿಷಪ್‌ಗೆ ಮನವಿ ಬರೆದು ಸಹಿ ಹಾಕಿಸಿದವರಿಗೆ ಒಂದು ಮಾತು. ಮನೆಮನೆಗೆ ಹೋಗಿ ಸಹಿ ಹಾಕಿಸಲು ನಿಮಗೆ ಸಮಯ ಇತ್ತು. ಅದೇ ಮನೆಗಳಲ್ಲಿ ಒಳಕೋಣೆಯಲ್ಲಿ ಯಾರಿದ್ದಾರೆ ಅಂತ ಕೇಳಿ ಬರೆದುಕೊಂಡಿದ್ದರೆ ಪಟ್ಟಿ ಮುಗಿದಿರುತ್ತಿತ್ತು.

ದಫ್ತರಿದ್ದರೂ ತಪ್ಪುವ ಇನ್ನೊಂದು ಇದೆ. ಏಪ್ರಿಲ್, ಮೇ ಮದುವೆಯ ಕಾಲ, ವರ್ಗಾವಣೆಯೂ ಆಗಲೇ. ಬೇರೆ ಊರಲ್ಲಿ ಜ್ಞಾನಸ್ನಾನ ಪಡೆದವರ ಮದುವೆ ಇಲ್ಲಿ ನಡೆದರೆ ಆ ಊರಿಗೆ ಬರೆದು ತಿಳಿಸಬೇಕು, ಅವರು ಜ್ಞಾನಸ್ನಾನದ ದಫ್ತರಿನಲ್ಲಿ ಹೆಸರಿನ ಎದುರಿಗೆ ಮದುವೆ ದಾಖಲಿಸಬೇಕು. 1122ನೇ ನಿಯಮ. ಹೊರಡುವ ಗಡಿಬಿಡಿಯಲ್ಲಿ ಆ ಕಾಗದ ಮೇಜಿನ ಖಾನೆಯಲ್ಲೇ ಉಳಿಯುತ್ತದೆ. ಅಲ್ಲಿನ ದಫ್ತರಿನ ಪ್ರಕಾರ ಆ ಮನುಷ್ಯ ಅವಿವಾಹಿತ! ಪೂಜೆ ಕೋರಿಕೆಯಲ್ಲಿ ಬಾಕಿ ಎಷ್ಟು, ಅದರ ಕಾಣಿಕೆ ಎಲ್ಲಿದೆ, ಬ್ಯಾಂಕಿನಲ್ಲಿ ಸಹಿ ಬದಲಾಯಿಸಲು ಹಣಕಾಸು ಸಮಿತಿಯ ನಿರ್ಣಯ ಆಗಿದೆಯೇ, ಇವನ್ನೂ ಹೊರಡುವ ಮೊದಲೇ ನೋಡಬೇಕು. ಬ್ಯಾಂಕಿನ ಸಹಿ ತಡವಾದರೆ ಅಡುಗೆಯವರ ಸಂಬಳ ನಿಲ್ಲುತ್ತದೆ.

ಆದರೂ ಸಂಬಳವನ್ನು ಮುಂದಿನ ತಿಂಗಳು ಸೇರಿಸಿ ಕೊಡಬಹುದು, ಮದುವೆಯ ಕಾಗದ ತಡವಾಗಿಯಾದರೂ ಕಳಿಸಬಹುದು. ಸಾಯುವ ಮುಂಚೆ ಪರಮಪ್ರಸಾದ ಸಿಗದವರಿಗೆ ಆಮೇಲೆ ಏನು ಕೊಡುತ್ತೀರಿ?

ವಾರ್ಡಿನ ಮುಖ್ಯಸ್ಥರೇ, ಮನಸ್ಸು ಮಾಡಿದರೆ ನಾಲ್ಕು ಸಂಜೆಯ ಕೆಲಸ. ಬಡವರಿಗೆ ನೆರವಾಗುವ ವಿನ್ಸೆಂಟ್ ಡಿ ಪಾಲ್ ಸಭೆಯವರು, ಸಿಸ್ಟರ್‌ಗಳು ಹೇಗೂ ಆ ಮನೆಗಳಿಗೆ ಹೋಗುತ್ತಿರುತ್ತಾರೆ, ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಮಲಗಿದವರಿಗೆ ಮೊದಲು ಹೇಳಿ, ಹಳೇ ಫಾದರ್ ಹೋದರು, ಹೊಸಬರು ಬರುತ್ತಾರೆ, ನಿಮ್ಮ ಹೆಸರು ಬರೆದುಕೊಂಡಿದ್ದೇವೆ ಅಂತ. ಬಾಲ್ ಪೆನ್ನಿನಲ್ಲಿ ಬರೆಯಿರಿ, ನೀರು ತಾಗಿದರೆ ಬೇರೆ ಶಾಯಿ ಹರಡುತ್ತದೆ. ಎರಡು ಪ್ರತಿ ಮಾಡಿ, ಒಂದು ಗುರುನಿವಾಸದ ಬೀರುವಿಗೆ, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೀಪಿಗೆ. ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಬೇಡಿ, ಕಾಯಿಲೆಯವರ ವಿಷಯ ಊರಿಗೆಲ್ಲ ಬೇಡ. ಹೊಸ ಫಾದರ್ ಬಂದ ಮೊದಲ ವಾರ ಒಬ್ಬರಾದರೂ ಅವರ ಜೊತೆ ಜೀಪಿನಲ್ಲಿ ಕೂತು, ಪ್ರತಿ ಮನೆಯ ಬಾಗಿಲು ತೋರಿಸಿ ಬನ್ನಿ.