ಹೆಸರು ಕಪ್ಪೆಯದು, ಸದ್ದು ಮೊಪೆಡ್‌ನದು

2005ರಲ್ಲಿ ಬ್ರಿಟನ್ನಿನ ಜನ ಒಂದು ಕಪ್ಪೆಯ ಮೇಲೆ ದೂರು ಕೊಟ್ಟರು. ಟಿವಿ ಜಾಹೀರಾತಿನಲ್ಲಿ ಬರುತ್ತಿದ್ದ ‘ಕ್ರೇಜಿ ಫ್ರಾಗ್’ ಎಂಬ ಕಾರ್ಟೂನ್ ಕಪ್ಪೆ ಅದು. ತಲೆಗೆ ಹೆಲ್ಮೆಟ್, ಕಣ್ಣಿಗೆ ಗಾಗಲ್ಸ್, ಮೈಗೆ ಜಾಕೆಟ್. ಸೊಂಟದ ಕೆಳಗೆ ಮಾತ್ರ ಏನೂ ಇಲ್ಲ. ಕಾಣಬಾರದ್ದು ಕಾಣುತ್ತಿದೆ, ಮಕ್ಕಳಿರುವ ಮನೆ ಸ್ವಾಮಿ, ಎಂಬುದು ದೂರು. ಜಾಹೀರಾತುಗಳ ಮೇಲೆ ಕಣ್ಣಿಡುವ ಸಂಸ್ಥೆ ಇದನ್ನು ಒಪ್ಪಲಿಲ್ಲ. ಆದರೂ ಆಮೇಲೆ ಕಂಪನಿಯೇ ಕಪ್ಪೆಯ ಮಾನ ಮುಚ್ಚಿತು.

ಇಷ್ಟೆಲ್ಲ ನೋಡಿದವರಿಗೆ ಒಂದು ಅನುಮಾನ ಬರಬೇಕಿತ್ತು. ಈ ಕಪ್ಪೆ ವಟಗುಟ್ಟುವುದೇ ಇಲ್ಲವಲ್ಲ?

ಎಲ್ಲಿಂದ ವಟಗುಟ್ಟಬೇಕು! ಅದು ಡೇನಿಯಲ್ ಮಾಲ್ಮೆಡಾಲ್ ಎಂಬ ಸ್ವೀಡನ್ನಿನ ಹುಡುಗ 1997ರಲ್ಲಿ ಸುಮ್ನೆ ಬಾಯಲ್ಲಿ ಮಾಡಿದ ಟೂ ಸ್ಟ್ರೋಕ್ ಮೊಪೆಡ್ಡಿನ ಸದ್ದು. ನಮ್ಮ ಹಳೇ ಲೂನಾ ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತಲ್ಲ, ಹಾಗೆ. ಅದಕ್ಕೆ ಇನ್ನೊಬ್ಬರು ಒಂದು ವಿಚಿತ್ರ ಪ್ರಾಣಿಯ ಚಿತ್ರ ಜೋಡಿಸಿ, ‘ಕಿರಿಕಿರಿ ಮಾಡುವ ವಸ್ತು’ ಎಂದು ಪ್ರಾಮಾಣಿಕವಾಗಿಯೇ ಹೆಸರಿಟ್ಟಿದ್ದರು. ರಿಂಗ್‌ಟೋನ್ ಮಾರುವವರ ಕೈಗೆ ಸಿಕ್ಕ ಮೇಲೆ ಅದು ಕಪ್ಪೆಯಾಯಿತು. 1984ರ ಸಿನಿಮಾ ಟ್ಯೂನೊಂದರ ಮೇಲೆ ಅದನ್ನು ಕೂರಿಸಿದರು. ಬ್ರಿಟನ್ನಿನಲ್ಲಿ ನಾಲ್ಕು ವಾರ ನಂಬರ್ 1. ಕೋಲ್ಡ್‌ಪ್ಲೇ ತಂಡದ ಹೊಸ ಹಾಡು ನಂಬರ್ 2. ಅರ್ಥವಿರುವ ಸಾಲು ಬರೆದರೆ ಹೀಗೇ ಆಗೋದು.

ಎಲ್ಲ ಪ್ರಾಣಿ ಹಾಡುಗಳದೂ ಇದೇ ಕಥೆ. ಗದ್ದಲ ನಮ್ಮದು, ಹೆಸರು ಮಾತ್ರ ಅವುಗಳದು. ಎಲ್ವಿಸ್ ಪ್ರೀಸ್ಲಿಯ ‘ಹೌಂಡ್ ಡಾಗ್’ ಮೂಲದಲ್ಲಿ ಬಿಗ್ ಮಾಮಾ ಥಾರ್ನ್‌ಟನ್ ಹಾಡಿದ್ದು. ಬಿಟ್ಟಿ ಬದುಕುವ ಗಂಡಸಿಗೆ ಹೆಂಗಸೊಬ್ಬಳು ಹಾಕುವ ಮಂಗಳಾರತಿ ಅದು. ಆದರೆ 1956ರ ಜುಲೈ 1ರಂದು ಅಮೆರಿಕದ ಟಿವಿಯವರು ಎಲ್ವಿಸ್‌ಗೆ ಕೋಟು ತೊಡಿಸಿ, ಎದುರಿಗೆ ನಿಜವಾದ ನಾಯಿಯನ್ನೇ ಕೂರಿಸಿ, ಅದಕ್ಕೊಂದು ಟೋಪಿ ಹಾಕಿ ಹಾಡಿಸಿದರು. ಅವನು ಸೊಂಟ ಕುಣಿಸಿ ಸಮಾಜ ಕೆಡಿಸಬಾರದು, ಅದಕ್ಕೆ ಈ ಏರ್ಪಾಡು. ಗಂಡಸಿಗೆ ಬಿದ್ದ ಬೈಗುಳವನ್ನು ನಾಯಿ ತಲೆಬಾಗಿ ಕೇಳಿಸಿಕೊಂಡಿತು.

ಅಳಿಲುಗಳ ಮಾತು ಬಿಡಿ. ಮನುಷ್ಯನ ದನಿಯನ್ನೇ ವೇಗವಾಗಿ ಓಡಿಸಿ ಮಾಡಿದ ‘ಚಿಪ್‌ಮಂಕ್’ ಹಾಡಿಗೆ 1959ರ ಮೊತ್ತಮೊದಲ ಗ್ರ್ಯಾಮಿಯಲ್ಲಿ ಮೂರು ಪ್ರಶಸ್ತಿ. ಅದೇ ರಾತ್ರಿ ಹೆಸರಾಂತ ಗಾಯಕ ಫ್ರಾಂಕ್ ಸಿನಾತ್ರಾಗೆ ಸಿಕ್ಕಿದ್ದು ಒಂದೇ, ಅದೂ ಆಲ್ಬಮ್ಮಿನ ರಟ್ಟಿನ ಚಿತ್ರಕ್ಕೆ!

ಹಾಗಾದರೆ ಪ್ರಾಣಿಯೇ ಬಾಯಿ ಬಿಟ್ಟರೆ? ಪಿಂಕ್ ಫ್ಲಾಯ್ಡ್ ಎಂಬ ಬ್ರಿಟನ್ನಿನ ರಾಕ್ ತಂಡ 1971ರಲ್ಲಿ ಸ್ನೇಹಿತನ ನಾಯಿಯೊಂದನ್ನು ಮೈಕ್ ಮುಂದೆ ನಿಲ್ಲಿಸಿತು. ಅದು ಪಾಪ, ಶ್ರದ್ಧೆಯಿಂದ ಊಳಿಟ್ಟಿತು. ಅಭಿಮಾನಿಗಳು ಇವತ್ತಿಗೂ ಅದನ್ನು ತಂಡದ ಕೆಟ್ಟ ಹಾಡುಗಳ ಪಟ್ಟಿಯಲ್ಲಿ ಮೇಲಿಡುತ್ತಾರೆ. ಅಪವಾದ ಎಂದರೆ ಅಮೆರಿಕದ ‘ಹೇಟ್‌ಬೀಕ್’ ಎಂಬ ಡೆತ್ ಮೆಟಲ್ ತಂಡ. ಅದರ ಗಾಯಕ ಒಂದು ಬೂದು ಗಿಳಿ. ಆ ಸಂಗೀತದಲ್ಲಿ ಯಾರು ಕಿರುಚುತ್ತಿದ್ದಾರೆಂದು ಹೇಗೂ ಗೊತ್ತಾಗಲ್ಲ, ಅದಕ್ಕೇ ಕೆಲಸ ಉಳಿದಿದೆ.

ಕೊನೆಗೆ ‘ಬೇಬಿ ಶಾರ್ಕ್’ ಎಂಬ ಮಕ್ಕಳ ಹಾಡು. ಶಾರ್ಕಿಗೆ ಸ್ವರತಂತುವೇ ಇಲ್ಲ. ಇಂಥ ಮೂಕ ಮೀನಿನ ಹೆಸರಲ್ಲಿ ಯೂಟ್ಯೂಬಿನ ಅತಿ ಹೆಚ್ಚು ವೀಕ್ಷಣೆಯ ವಿಡಿಯೊ! 2022ರಲ್ಲೇ ಅದು ಸಾವಿರ ಕೋಟಿ ದಾಟಿತು. 2019ರಲ್ಲಿ ಫ್ಲಾರಿಡಾದ ವೆಸ್ಟ್ ಪಾಮ್ ಬೀಚ್ ನಗರದವರು ಮನೆಯಿಲ್ಲದವರು ಮಲಗದಂತೆ ರಾತ್ರಿಯಿಡೀ ಇದನ್ನು ಹಾಕಿದರು. ಅದಕ್ಕೆ ಆಡಳಿತ ಅಂತ ಹೆಸರು. ಒಕ್ಲಹೋಮಾದ ಜೈಲಿನಲ್ಲಿ ಕೈದಿಗಳನ್ನು ಗೋಡೆಗೆ ಬಿಗಿದು ನಿಲ್ಲಿಸಿ ಮತ್ತೆ ಮತ್ತೆ ಇದನ್ನೇ ಕೇಳಿಸಿದ ಸಿಬ್ಬಂದಿಯ ಮೇಲೆ 2020ರಲ್ಲಿ ಕೇಸು ಬಿತ್ತು. ಅದು ಕ್ರೌರ್ಯ, ಸರಿಯೇ. ಆದರೆ ಮೂರು ಹೊತ್ತೂ ಊಟದ ಜೊತೆಗೆ ಇದನ್ನೇ ಕೇಳುವ ಅಪ್ಪ ಅಮ್ಮಂದಿರು ಯಾವ ಕೋರ್ಟಿಗೆ ಹೋಗಬೇಕು? ಹೋದರೂ ಪ್ರಯೋಜನ ಇಲ್ಲ ಬಿಡಿ. ಆರೋಪಿಯ ವಯಸ್ಸು ಇನ್ನೂ ಎರಡೇ ವರ್ಷ, ಜಾಮೀನು ಸಲೀಸಾಗಿ ಸಿಗುತ್ತೆ.