ಬಾಟಲ್ ಮೇಲಿನ ವಯಸ್ಸು ನೋಡಿ ವಿಸ್ಕಿ ತಗೋಬೇಡಿ

ಯಾರಾದ್ರೂ ಫಾರಿನ್ನಿಂದ ಬರ್ತಿದಾರೆ ಅಂದ್ರೆ ಸಾಕು, ಡ್ಯೂಟಿ ಫ್ರೀಲಿ ಏನ್ ತರ್ಲಿ ಅಂತ ಗ್ರೂಪಲ್ಲಿ ಮೆಸೇಜ್ ಬೀಳುತ್ತೆ, ಈ ಕಡೆಯಿಂದ ಹೋಗೋ ಉತ್ತರ ಒಂದೇ, "12 ಬೇಡ ಮಗಾ, ಸ್ವಲ್ಪ ಜಾಸ್ತಿ ಆದ್ರೂ ಪರ್ವಾಗಿಲ್ಲ 18 ತಗೊಂಬಾ". ಯಾವ ಊರಿನ ವಿಸ್ಕಿ, ಎಂಥ ಪೀಪಾಯಿಲಿ ಇಟ್ಟಿದ್ದು, ಹೊಗೆ ವಾಸನೆ ಇರೋದಾ ಇಲ್ದೇ ಇರೋದಾ, ಇದ್ಯಾವ್ದನ್ನೂ ಕೇಳೋರಿಲ್ಲ. ಪೀಪಾಯಿಲಿ ಎಷ್ಟು ವರ್ಷ ಇತ್ತು ಅನ್ನೋ ನಂಬರ್ ದೊಡ್ಡದಿದ್ರೆ ಮಾಲು ಒಳ್ಳೇದು, ಅಷ್ಟೇ ಲೆಕ್ಕ. ಬೇರೆ ಊರಿನೋರು ಹಿಂಗಂದ್ರೆ ಸುಮ್ನಿರಬಹುದು, ಬೆಂಗಳೂರಿನೋರೇ ಹಿಂಗಂದಾಗ ನಂಗೆ ನಿಜವಾಗ್ಲೂ ಬೇಜಾರಾಗುತ್ತೆ, ಯಾಕಂದ್ರೆ ಈ ಲೆಕ್ಕ ತಪ್ಪು ಅಂತ ಪ್ರಪಂಚಕ್ಕೆ ತೋರಿಸಿಕೊಟ್ಟಿದ್ದೇ ನಮ್ಮ ಮೈಸೂರು ರೋಡ್ ಕಡೆ ಕಂಬೀಪುರದಲ್ಲಿರೋ ಅಮೃತ್ ಡಿಸ್ಟಿಲರಿ.

ಅಮೃತ್ ಕಂಪನಿ ಶುರುವಾಗಿದ್ದು 1948ರಲ್ಲಿ. ತುಂಬಾ ವರ್ಷ ಎಲ್ಲರ ಹಾಗೆ ರಮ್ಮು ಬ್ರಾಂದಿ ಮಾಮೂಲಿ ವಿಸ್ಕಿ ಮಾಡ್ಕೊಂಡಿದ್ದವರು, ಆಮೇಲೆ ಕಂಪನಿಯ ಯಜಮಾನರಾಗಿದ್ದ ನೀಲಕಂಠ ರಾವ್ ಜಗದಾಳೆಯವರು ಸಿಂಗಲ್ ಮಾಲ್ಟ್, ಅಂದ್ರೆ ಬರೀ ಬಾರ್ಲಿಯಿಂದ ಒಂದೇ ಡಿಸ್ಟಿಲರಿಲಿ ತೆಗೆದ ವಿಸ್ಕಿ, ಮಾಡೋ ಧೈರ್ಯ ಮಾಡಿದ್ರು. ಮಾಡಿದ್ದನ್ನ ಮೊದಲು ಬಿಡುಗಡೆ ಮಾಡಿದ್ದು ಎಲ್ಲಿ ಗೊತ್ತಾ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, 2004ರಲ್ಲಿ, ವಿಸ್ಕಿಗೆ ಹೆಸರಾದ ನಾಡಿಗೇ ಹೋಗಿ ವಿಸ್ಕಿ ಮಾರಿದ ಹಾಗೆ! ಅದಕ್ಕೂ ಮುಂಚೆ ಅಲ್ಲಿನ ಒಂದು ಬಾರಲ್ಲಿ ಹೆಸರು ಹೇಳದೆ ರುಚಿ ನೋಡೋಕೆ ಕೊಟ್ಟಾಗ ಕುಡಿದೋರು ಇದು ಸ್ಕಾಚೇ, ಅಂದ್ರೆ ಸ್ಕಾಟ್ಲೆಂಡಿನ ವಿಸ್ಕಿನೇ ಅಂದ್ಕೊಂಡಿದ್ರು. ನಮ್ಮ ಬೆಂಗಳೂರಿನ ಅಂಗಡಿಗೆ ಅದು ಬಂದಿದ್ದು 2010ಕ್ಕೆ.

ಇಲ್ಲಿ ಮುಖ್ಯವಾದ ವಿಷ್ಯ ಹವಾಮಾನ. ಪೀಪಾಯಿಲಿ ಇಟ್ಟ ವಿಸ್ಕಿ ಸುಮ್ನೆ ಇರಲ್ಲ, ಸೆಕೆಗೆ ಹಿಗ್ಗಿ ಓಕ್ ಮರದೊಳಗೆ ಇಳಿಯುತ್ತೆ, ತಂಪಾದಾಗ ಮರದ ಬಣ್ಣ ರುಚಿ ಎಳ್ಕೊಂಡು ಹೊರಗೆ ಬರುತ್ತೆ, ಅದರ ಜೊತೆಗೆ ಸ್ವಲ್ಪ ಸ್ವಲ್ಪ ಆವಿಯಾಗಿ ಗಾಳಿಗೂ ಹೋಗುತ್ತೆ. ಹಿಂಗೆ ಹೋಗೋದನ್ನ ಏಂಜಲ್ಸ್ ಶೇರ್, ಅಂದ್ರೆ ದೇವತೆಗಳ ಪಾಲು ಅಂತಾರೆ. ಸ್ಕಾಟ್ಲೆಂಡಿನ ಚಳಿಲಿ ಅದು ವರ್ಷಕ್ಕೆ ಸುಮಾರು 2 ಪರ್ಸೆಂಟ್, ನಮ್ಮಲ್ಲಿ 10ರಿಂದ 12. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ತಣ್ಣಗಿನ ಊರು ಅಂತ ನಾವು ಎಷ್ಟೇ ಹೇಳ್ಕೊಂಡ್ರೂ ವಿಸ್ಕಿ ಲೆಕ್ಕದಲ್ಲಿ ಇದು ಬಿಸಿ ಊರೇ. ವರ್ಷಕ್ಕೆ ಹತ್ತು ಪರ್ಸೆಂಟ್ ಅಂತ ಹಿಡಿದ್ರೂ 8 ವರ್ಷಕ್ಕೆ ಅರ್ಧಕ್ಕಿಂತ ಜಾಸ್ತಿ ಆವಿಯಾಗಿ ಹೋಗಿರುತ್ತೆ. ಅಮೃತ್‌ನೋರು 2013ರಲ್ಲಿ 8 ವರ್ಷದ್ದೊಂದು ತಂದಾಗ ಅದಕ್ಕೆ ಗ್ರೀಡಿ ಏಂಜಲ್ಸ್ (ದುರಾಸೆ ದೇವತೆಗಳು) ಅಂತಾನೇ ಹೆಸರಿಟ್ಟಿದ್ರು. ಇಲ್ಲಿ 18 ವರ್ಷ ಇಡ್ತೀನಿ ಅಂತ ಹೊರಟ್ರೆ ಪೀಪಾಯಿಲಿ ಉಳಿಯೋದು ಚೂರೇ ಚೂರು, ಅದೂ ಬರೀ ಮರ ಮರ ಅನ್ನುತ್ತೆ. ಅದಕ್ಕೇ ನಮ್ಮೂರಲ್ಲಿ ನಾಕೈದು ವರ್ಷಕ್ಕೆಲ್ಲ ಹದಕ್ಕೆ ಬರೋ ವಿಸ್ಕಿನ "ಇನ್ನೂ ಎಳೇದು" ಅಂತ ಪಕ್ಕಕ್ಕಿಡೋದು ಅನ್ಯಾಯ.

ಹಾಗಂತ ವಯಸ್ಸಿಗೆ ಬೆಲೆನೇ ಇಲ್ಲ ಅಂತ ನಾನು ಹೇಳ್ತಿಲ್ಲ. ಸ್ಕಾಟ್ಲೆಂಡಲ್ಲಿ ಒಳ್ಳೆ ಪೀಪಾಯಿಲಿ 18 ವರ್ಷ ಇದ್ದದ್ದಕ್ಕೆ ಅದರದ್ದೇ ಒಂದು ಮೆತ್ತಗಿನ ಗುಣ ಬಂದಿರುತ್ತೆ, ಒಪ್ತೀನಿ. ಆದ್ರೆ ಪೀಪಾಯಿ ಸಪ್ಪೆಯಾಗಿದ್ರೆ ಎಷ್ಟು ವರ್ಷ ಇಟ್ರೂ ಸಪ್ಪೆನೇ. ಇನ್ನೊಂದು, ಲೇಬಲ್ ಮೇಲಿರೋ ನಂಬರ್ ಅದರಲ್ಲಿ ಸೇರಿಸಿರೋ ಎಲ್ಲಕ್ಕಿಂತ ಚಿಕ್ಕ ವಿಸ್ಕಿದು, ಬಾಟಲಿಗೆ ತುಂಬಿದ ದಿನಕ್ಕೆ ವಯಸ್ಸು ನಿಂತೋಗುತ್ತೆ. ಮಗಳ ಮದ್ವೆಗೆ ಅಂತ ಬೀರುಲಿ ಇಪ್ಪತ್ತು ವರ್ಷ ಇಟ್ಟ 12, ತೆಗೆದಾಗ್ಲೂ 12ಏ. ಬಣ್ಣ ಗಾಢ ಇದೆ ಅಂತ ನಂಬೋದೂ ಬೇಡ, ಸ್ಕಾಚಿಗೆ ಕ್ಯಾರಮೆಲ್ ಬಣ್ಣ ಸೇರಿಸೋಕೆ ಕಾನೂನಲ್ಲೇ ಅವಕಾಶ ಇದೆ.

ಸರಿ, ಹಂಗಾದ್ರೆ ಏನು ನೋಡ್ಬೇಕು? ಪೀಪಾಯಿ ನೋಡಿ. ಅಮೆರಿಕದ ಬರ್ಬನ್ ಅನ್ನೋ ವಿಸ್ಕಿಗೆ ಪ್ರತಿಸಲ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿನೇ ಬೇಕು ಅಂತ ಕಾನೂನು, ಜೊತೆಗೆ ಕಮ್ಮಿ ಅಂದ್ರೂ 51 ಪರ್ಸೆಂಟ್ ಜೋಳ ಇರ್ಬೇಕು, ನಮ್ಮ ಮುಸುಕಿನ ಜೋಳ. ಅವರು ಒಂದ್ಸಲ ಬಳಸಿಬಿಟ್ಟ ಪೀಪಾಯಿಗಳೇ ಸ್ಕಾಟ್ಲೆಂಡಿಗೂ ಹೋಗುತ್ತೆ ನಮ್ಮ ಕಂಬೀಪುರಕ್ಕೂ ಬರುತ್ತೆ. ಇದರಲ್ಲಿ ಇಟ್ಟದ್ದು ವೆನಿಲ್ಲಾ, ಜೇನು, ಒಣಕೊಬ್ಬರಿ ಕಡೆ ಹೋಗುತ್ತೆ. ಸ್ಪೇನಿನ ಶೆರ್ರಿ ವೈನ್ ಪೀಪಾಯಿಲಿ ಇಟ್ಟದ್ದು ಒಣದ್ರಾಕ್ಷಿ, ಖರ್ಜೂರ, ಲವಂಗ. ಸಿಹಿ ಇಷ್ಟ ಪಡೋರಿಗೆ ಶೆರ್ರಿ ಪೀಪಾಯಿಯ ಸ್ಕಾಚ್ ಗ್ಲೆನ್‌ಡ್ರೋನಕ್ 12 ನನ್ನ ಮೊದಲ ಆಯ್ಕೆ. ಅಬರ್ಲೋರ್ ಅಬುನಾ ಸಿಕ್ಕಿದ್ರೆ ಬಿಡ್ಲೇಬೇಡಿ, ಅದರ ಮೇಲೆ ವಯಸ್ಸೇ ಬರೆದಿರಲ್ಲ, 60 ಪರ್ಸೆಂಟ್ ಆಸುಪಾಸು ಆಲ್ಕೋಹಾಲ್ ಇರೋ ಸ್ಟ್ರಾಂಗ್ ಮಾಲು, ಆದ್ರೂ ಎಷ್ಟೋ 18ನ ಪಕ್ಕಕ್ಕೆ ಸರಿಸುತ್ತೆ. ಬರ್ಬನ್ ಬೇಕು ಅಂದ್ರೆ ಮೇಕರ್ಸ್ ಮಾರ್ಕ್, ಅದರಲ್ಲಿ ಗೋಧಿ ಇರೋದ್ರಿಂದ ಗಂಟಲಿಗೆ ಒರಟಾಗಲ್ಲ. ಮೊದಲನೇ ಸಲ ಕುಡಿಯೋರಿಗೆ ಐರ್ಲೆಂಡಿನ ಜೇಮ್ಸನ್ ಸಾಕು, ಮೂರು ಸಲ ಬಟ್ಟಿ ಇಳಿಸಿದ್ದು, ಹಗುರ. ಜಪಾನಿನದ್ದು ರುಚಿ ಚೆನ್ನಾಗಿದೆ, ರೇಟ್ ಮಾತ್ರ ಕೈಗೆಟುಕಲ್ಲ, ನಾನು ರೆಕಮೆಂಡ್ ಮಾಡಲ್ಲ.

ನಮ್ಮ ದೇಶದ್ದು ಅಂದ್ರೆ ಅಮೃತ್ ಫ್ಯೂಷನ್, ಕಣ್ಣು ಮುಚ್ಕೊಂಡು ತಗೊಳ್ಳಿ. ಮುಕ್ಕಾಲು ಪಾಲು ನಮ್ಮ ದೇಶದ ಬಾರ್ಲಿ, ಕಾಲು ಪಾಲು ಸ್ಕಾಟ್ಲೆಂಡಿನ ಹೊಗೆಯಾಡಿಸಿದ ಬಾರ್ಲಿ, 50 ಪರ್ಸೆಂಟ್ ಆಲ್ಕೋಹಾಲ್. ಗೋವಾದಲ್ಲಿ ತಯಾರಾಗೋ ಪಾಲ್ ಜಾನ್ ಕೂಡ ನಮ್ಮೋರದ್ದೇ ಅನ್ನಿ, ಆ ಕಂಪನಿ ಆಫೀಸು ಬೆಂಗಳೂರಲ್ಲೇ ಇದೆ. ನಾವು ಬಾರಲ್ಲಿ ಮಾಮೂಲಾಗಿ ಹೇಳೋ ದೇಸೀ ಬ್ಲೆಂಡ್‌ಗಳಲ್ಲಿ ಎಷ್ಟೋದರಲ್ಲಿ ಕಾಕಂಬಿಯಿಂದ ತೆಗೆದ ಸ್ಪಿರಿಟ್ ಇರುತ್ತೆ, ಅದಕ್ಕೇ ಯೂರೋಪಲ್ಲಿ ಅಂಥದ್ದನ್ನ ವಿಸ್ಕಿ ಅಂತ ಮಾರೋಕೆ ಬಿಡಲ್ಲ. ಅದನ್ನ ಕುಡಿಯೋರ ಬಗ್ಗೆ ನಂಗೆ ಯಾವ ತಕರಾರೂ ಇಲ್ಲ, ಜೇಬಿಗೆ ತಕ್ಕ ಹಾಗೆ ಎಲ್ಲರೂ ಕುಡಿತಾರೆ. ನಾನ್ ಹೇಳೋದು ಇಷ್ಟೇ, ತಿಂಗಳಿಗೆ ನಾಕು ಫುಲ್ ಬಾಟಲ್ ಬದಲು ಒಂದು ಒಳ್ಳೇದು ತಗೊಂಡು ನಿಧಾನಕ್ಕೆ ಕುಡೀರಿ.

ಕುಡಿಯೋದು ಹೆಂಗೆ ಅಂತಾನೂ ಹೇಳ್ಬಿಡ್ತೀನಿ. ಫ್ಯೂಷನ್ 30 ಎಂಎಲ್ ಹಾಕಿ, ಬಾಯಿ ಕಿರಿದಾಗಿರೋ ಗ್ಲಾಸ್ ಇದ್ರೆ ಒಳ್ಳೇದು, ಐಸ್ ಬೇಡ. ಹತ್ತು ನಿಮಿಷ ಹಂಗೇ ಬಿಡಿ. ಆಮೇಲೆ ಬಾಯಿ ಚೂರು ತೆರೆದಿಟ್ಕೊಂಡು ಮೂಸಿ, ಮೂಗು ಉರಿಯಲ್ಲ. ಮೊದಲು ಬಾರ್ಲಿ, ಟಾಫಿ ಥರದ ಸಿಹಿ, ಹಿಂದೆನೇ ಸಣ್ಣಗೆ ಹೊಗೆ. ಈಗ ಒಂದು ಟೀ ಸ್ಪೂನ್ ನೀರು ಹಾಕಿ, ಹಣ್ಣಿನ ವಾಸನೆ ಮೇಲೆದ್ದು ಬರುತ್ತೆ, ಗುಟುಕು ಇಳಿದ ಮೇಲೆ ಡಾರ್ಕ್ ಚಾಕೊಲೇಟ್ ಕಹಿ ನಾಲಿಗೆ ಮೇಲೆ ತುಂಬಾ ಹೊತ್ತು ಕೂತಿರುತ್ತೆ. ನೀರು ಹಾಕಿದ್ರೆ ಮರ್ಯಾದೆ ಹೋಯ್ತು ಅನ್ನೋರ ಮಾತು ಕಿವಿಗೆ ಹಾಕ್ಕೋಬೇಡಿ. ತಣ್ಣೀರು ಬಿದ್ದಾಗ ವಿಸ್ಕಿ ಸ್ವಲ್ಪ ಮಬ್ಬಾದ್ರೆ ಡೂಪ್ಲಿಕೇಟ್ ಮಾಲು ಅಂತ ಗಾಬರಿಯಾಗೋದೂ ಬೇಡ, ತಣ್ಣಗೆ ಮಾಡಿ ಸೋಸದೆ ಬಿಟ್ಟ ವಿಸ್ಕಿಲಿ ಎಣ್ಣೆ ಅಂಶ ಹಂಗೇ ಉಳಿದಿರುತ್ತೆ, ಮಬ್ಬಾಗೋದು ಅದರಿಂದ, ರುಚಿ ಇರೋದೂ ಅದರಲ್ಲೇ.

ಇನ್ನು ಹೊಗೆ ವಿಸ್ಕಿ. ಜೌಗು ನೆಲದಿಂದ ಕಿತ್ತು ಒಣಗಿಸಿದ ಪೀಟ್ ಸುಟ್ಟು ಅದರ ಹೊಗೇಲಿ ಬಾರ್ಲಿ ಒಣಗಿಸ್ತಾರೆ. ಸ್ಕಾಟ್ಲೆಂಡಿನ ಐಲಾ ದ್ವೀಪದ ಲಫ್ರಾಯ್ಗ್ 10 ಮೂಸಿದ್ರೆ ಆಸ್ಪತ್ರೆ ಅಂತ ಮುಖ ಸಿಂಡರಿಸೋರೇ ಜಾಸ್ತಿ, ನಂಗಂತೂ ಊರಲ್ಲಿ ಅಜ್ಜಿ ಮನೆ ಬಚ್ಚಲೊಲೆ ಹೊಗೆನೇ ಬಂದಂಗಾಗುತ್ತೆ, ಪ್ರಾಣ. ಆದ್ರೆ ಹೊಸಬರು ನೇರ ಅದಕ್ಕೆ ಕೈ ಹಾಕ್ಬೇಡಿ, ಸ್ಕೈ ದ್ವೀಪದ ಟಾಲಿಸ್ಕರ್ 10 ತಗೊಳ್ಳಿ, ಹೊಗೆ ಕಮ್ಮಿ, ಕಾಳುಮೆಣಸಿನ ಖಾರ, ಚೂರು ಸಮುದ್ರದ ಉಪ್ಪು. ಇದೂ ಬರೀ 10 ವರ್ಷದ್ದು. ಮಂಗಳೂರು ಹೋಟೆಲ್ಲಿಂದ ಬಂಗುಡೆ ತವಾ ಫ್ರೈ ಪಾರ್ಸೆಲ್ ತರಿಸ್ಕೊಂಡು ಮನೇಲೇ ಕೂತು ನೆಂಚ್ಕೊಂಡು ಕುಡೀರಿ, ಸೋಡಾ ಹಾಕ್ಬೇಡಿ, ಮೀನಿನ ಮೇಲೆ ನಿಂಬೆಹಣ್ಣೂ ಜಾಸ್ತಿ ಹಿಂಡ್ಬೇಡಿ.