ಅಷ್ಟು ಸುಲಭ ಅಲ್ಲ

ಏರ್‌ಲೈನ್ ಅಲಯನ್ಸ್ ಅಂದರೆ ಒಟ್ಟಾಗಿ ಸೇವೆ ಕೊಡುವ ವಿಮಾನ ಕಂಪನಿಗಳ ಕೂಟ. ಒಂದು ದೇಶದ ಒಂದು ಕಂಪನಿಯನ್ನು ಸೇರಿಸಿಕೊಂಡರೆ ಸಾಕು, ಇಂಥ ಅಲಯನ್ಸ್‌ಗಳಿಗೆ ಅಲ್ಲಿನ ಹೊಸ ಮಾರುಕಟ್ಟೆ ತೆರೆಯುತ್ತದೆ ಎಂದು ಒಂದು ಲೇಖನದಲ್ಲಿ ಓದಿದೆ. ನಮ್ಮ ದೇಶದಲ್ಲಿ ಹಾಗಾಗಲಿಲ್ಲ. ಅಂಥ ಒಂದು ಕೂಟವಾದ ಸ್ಟಾರ್ ಅಲಯನ್ಸ್ ಏರ್ ಇಂಡಿಯಾವನ್ನು ಕರೆದದ್ದು 2007ರಲ್ಲಿ. ಷರತ್ತು ಪೂರೈಸಿಲ್ಲ ಎಂದು 2011ರಲ್ಲಿ ಸೇರಿಸಿಕೊಳ್ಳುವ ಕೆಲಸವನ್ನೇ ನಿಲ್ಲಿಸಿತು. ಕೊನೆಗೆ ಸೇರಿಸಿಕೊಂಡದ್ದು 2014ರ ಜುಲೈನಲ್ಲಿ. ಬುಕಿಂಗ್, ಲಗೇಜ್, ಮೈಲ್ಸ್ (ಪ್ರಯಾಣಕ್ಕೆ ಸಿಗುವ ಪಾಯಿಂಟ್) ಲೆಕ್ಕ ಎಲ್ಲವೂ ಬೇರೆ ಕಂಪನಿಗಳ ಜೊತೆ ಹೊಂದಬೇಕಲ್ವಾ, ಸುಮ್ನೆ ಸಹಿ ಹಾಕಿದರೆ ಆಗುವುದಿಲ್ಲ.

ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಕಥೆ ನೆನೆದರೆ ಈಗಲೂ ಬೇಸರ. 2012ರ ಫೆಬ್ರವರಿ 10ಕ್ಕೆ ಒನ್‌ವರ್ಲ್ಡ್ ಎಂಬ ಇನ್ನೊಂದು ಅಲಯನ್ಸ್ ಸೇರಬೇಕಿತ್ತು. ಕೆಲವೇ ದಿನ ಮೊದಲು ಅದಕ್ಕೆ ತಡೆ ಬಿತ್ತು. ಅದೇ ಅಕ್ಟೋಬರ್‌ನಲ್ಲಿ ವಿಮಾನಗಳೇ ನಿಂತವು. ಸಂಬಳ ಬಾರದೆ ಒದ್ದಾಡಿದ ನೌಕರರನ್ನು ಮರೆಯೋದು ಹೇಗೆ? ಕೈಯಲ್ಲಿ ದುಡ್ಡಿಲ್ಲದ ಕಂಪನಿಯನ್ನು ಯಾವ ಅಲಯನ್ಸ್ ಕೂಡ ಉಳಿಸುವುದಿಲ್ಲ.

ಇಂಡಿಗೋ ಯಾವ ಅಲಯನ್ಸ್‌ಗೂ ಸೇರದೆ, ಬೇಕಾದವರ ಜೊತೆ ಕೋಡ್‌ಶೇರ್ (ಒಬ್ಬರ ವಿಮಾನಕ್ಕೆ ಇನ್ನೊಬ್ಬರು ತಮ್ಮ ಹೆಸರಲ್ಲಿ ಟಿಕೆಟ್ ಮಾರುವ ಒಪ್ಪಂದ) ಮಾಡಿಕೊಂಡೇ ಬೆಳೆದಿದೆ. ನನಗೆ ಆ ದಾರಿಯೇ ಜಾಸ್ತಿ ಸರಿ ಅನ್ನಿಸುತ್ತದೆ. ಹುಬ್ಬಳ್ಳಿಯಿಂದ ಹೊರಡುವವರಿಗೆ ಬೇಕಿರುವುದು ಕೊನೆಯ ಊರಿನವರೆಗೆ ಒಂದೇ ಟಿಕೆಟ್. ನಡುವೆ ವಿಮಾನ ತಪ್ಪಿದರೆ ಜವಾಬ್ದಾರಿ ಹೊರುವವರೊಬ್ಬರು ಇರಬೇಕು, ಅಷ್ಟೇ.